ಹೊಳೆ ಮೀನಿನ ಲೆಕ್ಕ ಊರವರೇ ಇಡೋದು ಹೇಗೆ: ಕೊಡಗಿನವರಿಗೆ ಫೋನಿಂದ ಶುರು ಮಾಡೋ ಸಮಗ್ರ ಮಾರ್ಗದರ್ಶಿ

ಸಿದ್ದಾಪುರ, ನೆಲ್ಯಹುದಿಕೇರಿ, ವಾಲ್ನೂರು, ಗುಡ್ಡೆಹೊಸೂರು, ಕೂಡಿಗೆ, ಕಾವೇರಿ ದಡದಲ್ಲಿ ಯಾವ ಊರಿಗೆ ಹೋಗಿ ಕೇಳಿದ್ರೂ ಮೊದಲ ಮಾತು ಒಂದೇ, ಮೊದ್ಲಿನಷ್ಟು ಮೀನಿಲ್ಲ. ಸರಿ, ಯಾವ ಮೀನು ಕಮ್ಮಿ ಆಗಿದೆ, ಯಾವ ಮಡುವಲ್ಲಿ, ಯಾವ ವರ್ಷದಿಂದ ಅಂತ ಮುಂದಿನ ಪ್ರಶ್ನೆ ಹಾಕಿದ್ರೆ ಯಾರ ಹತ್ರಾನೂ ಬರೆದಿಟ್ಟ ಲೆಕ್ಕ ಇರಲ್ಲ. ಲೆಕ್ಕ ಇಲ್ಲದೆ ಪಂಚಾಯಿತಿಗೆ ಹೋದ್ರೆ ಅರ್ಜಿ ಅರ್ಜಿಯಾಗೇ ಉಳಿಯುತ್ತೆ, ಊರೊಳಗೂ ನೀನು ಮೀನು ಹಿಡಿಯೋಕೆ ಬ್ಲೀಚಿಂಗ್ ಪುಡಿ ಹಾಕ್ದೆ, ನಿನ್ನ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಯಂತ್ರ) ನೀರಿಂದ ಮೀನು ಸತ್ತೋಯ್ತು ಅಂತ ಜಗಳಕ್ಕೇ ಮುಗಿಯುತ್ತೆ.

ಲೆಕ್ಕ ಇಟ್ರೆ ಏನಾಗುತ್ತೆ ಅನ್ನೋದಕ್ಕೆ ಇದೇ ಕಾವೇರಿಯಲ್ಲಿ ಉದಾಹರಣೆ ಇದೆ. ಕೆಳಗೆ ಕನಕಪುರ ಕಡೆಯ ಗಾಳಿಬೋರೆ ಕ್ಯಾಂಪಿಗೆ ಗಾಳ ಹಾಕೋಕೆ ಬರ್ತಿದ್ದವರು 1998ರಿಂದ 2012ರವರೆಗೆ ಎಷ್ಟು ಹೊತ್ತು ಗಾಳ ಹಾಕಿದ್ರು, ಯಾವ ಮಹಶೀರ್ (ಹೊಳೆಯ ದೊಡ್ಡ ಮೀನು) ಸಿಕ್ತು, ಎಷ್ಟು ತೂಕ ಅಂತ ದಾಖಲೆ ಇಟ್ಟಿದ್ರು. ಅದೇ ದಾಖಲೆ ಹಿಡ್ಕೊಂಡು 2015ರಲ್ಲಿ ವಿಜ್ಞಾನಿಗಳು ತೋರಿಸಿದ್ದು ಏನಂದ್ರೆ, ಒಟ್ಟು ಸಿಗೋ ಮಹಶೀರ್ ಸಂಖ್ಯೆ ಜಾಸ್ತಿ ಆಗ್ತಾ ಇತ್ತು, ಆದ್ರೆ ಕಾವೇರಿಯದೇ ಆದ ಡುಬ್ಬದ ಮಹಶೀರ್ ಕಾಣೆ ಆಗ್ತಾ ಬಂದಿತ್ತು, ಅದರ ಜಾಗಕ್ಕೆ ಹೊರಗಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ತುಂಬ್ಕೊಂಡಿತ್ತು. ಕಣ್ಣಲ್ಲಿ ನೋಡಿದವರಿಗೆ ಹೊಳೆ ತುಂಬಾ ಮಹಶೀರ್ ಇದೆ ಅಂತಾನೇ ಅನ್ಸಿರುತ್ತೆ. 2018ರಲ್ಲಿ ಡುಬ್ಬದ ಮಹಶೀರ್ ಅಂದ್ರೆ ಟಾರ್ ರೆಮಾದೇವಿ ಅಂತ ಖಚಿತ ಆಯ್ತು, ಅಳಿವಿನಲ್ಲಿರೋ ಜೀವಿಗಳ ಪಟ್ಟಿ ಮಾಡೋ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅದನ್ನ ಅಳಿವಿನ ಅಂಚಿನ ಪಟ್ಟಿಗೆ ಸೇರಿಸ್ತು. ವಿಜ್ಞಾನಿಗಳಲ್ಲ, ಗಾಳ ಹಿಡಿದವರೇ ಬರೆದಿಟ್ಟ ಲೆಕ್ಕ ಇಷ್ಟು ದೂರ ಹೋಯ್ತು.

ಹಂಗಾಗಿ ನಾನು ಹೇಳೋದು ಇಷ್ಟೇ: ಆ್ಯಪ್ ಯಾವುದಾದ್ರೂ ಇರ್ಲಿ, ಮೀನು ಹಿಡಿಯೋರೇ ಬರೀಬೇಕು, ಸಿಕ್ಕಿದ್ದರ ಜೊತೆ ಪಟ್ಟ ಶ್ರಮಾನೂ ಬರೀಬೇಕು, ಬರೆದಿದ್ದು ವಾಪಸ್ ಅವರ ಕೈಗೇ ಬಂದು ಅವರೇ ತೀರ್ಮಾನ ಮಾಡ್ಬೇಕು. ಇನ್ನು ಒಂದೊಂದಾಗಿ ನೋಡೋಣ.

1. ಮೊದಲು ನೀರು ಯಾರದ್ದು ಅಂತ ತಿಳ್ಕೊಳ್ಳಿ

ಇದು ಬೇಜಾರಿನ ಕೆಲಸ, ಆದ್ರೆ ಬಿಟ್ರೆ ಮುಂದೆ ಎಲ್ಲಾ ಕೆಡುತ್ತೆ. ಫೋನಲ್ಲಿ ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ಹಾಕ್ಕೊಳ್ಳಿ, ಕೆರೆ ಏರಿ ಮೇಲೆ ನಿಂತ್ಕೊಂಡು ತೆಗೆದ್ರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ, ಅದನ್ನ ಇಟ್ಕೊಂಡು ಪಂಚಾಯಿತಿಯಲ್ಲೋ ಗ್ರಾಮ ಆಡಳಿತಾಧಿಕಾರಿ (ಮೊದಲಿನ ಗ್ರಾಮ ಲೆಕ್ಕಿಗರು) ಹತ್ರಾನೋ ಕೇಳಿದ್ರೆ ಅದು ಪೈಸಾರಿಯಾ (ಸರ್ಕಾರಿ ಜಾಗ), ಯಾರದ್ದಾದ್ರೂ ಜಮ್ಮಾ ಬಾಣೆ (ವಂಶಪಾರಂಪರ್ಯವಾಗಿ ಬಂದ ಜಾಗ) ಒಳಗಿದೆಯಾ, ಪಂಚಾಯಿತಿ ಕೆರೆಯಾ ಅಂತ ಗೊತ್ತಾಗುತ್ತೆ. ತೋಟದೊಳಗಿನ ಖಾಸಗಿ ಕೆರೆಗೆ ಮಾಲೀಕರ ಒಪ್ಪಿಗೆ ಬೇಕು. ಹೊಳೆಗೂ ಹಾರಂಗಿ, ಚಿಕ್ಲಿಹೊಳೆ ಥರದ ಜಲಾಶಯಕ್ಕೂ ಮೀನುಗಾರಿಕೆ ಇಲಾಖೆ ಲೈಸೆನ್ಸು, ಗುತ್ತಿಗೆ ಅಂತ ಇರುತ್ತೆ, ತಾಲ್ಲೂಕಿನ ಸಹಾಯಕ ನಿರ್ದೇಶಕರ ಆಫೀಸಲ್ಲಿ ಕೇಳಿ. ಫೋನಲ್ಲಿ ಲೆಕ್ಕ ಬರೀತೀವಿ ಅಂದ ಮಾತ್ರಕ್ಕೆ ಮೀನು ಹಿಡಿಯೋ ಹಕ್ಕು ಬಂದ ಹಾಗಲ್ಲ.

ಕಾಡೊಳಗಿನ ಹೊಳೆ ಬೇರೆ ವಿಷಯ. ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಅಭಯಾರಣ್ಯದ ಒಳಗೆ ಅರಣ್ಯ ಇಲಾಖೆ ನಿಯಮ. ಆದ್ರೆ ಹಾಡಿಯವರು (ಕಾಡಂಚಿನ ಬುಡಕಟ್ಟು ಜನ) ಒಂದು ವಿಷಯ ಗಟ್ಟಿಯಾಗಿ ನೆನಪಿಟ್ಕೊಳ್ಳಿ, 2006ರ ಅರಣ್ಯ ಹಕ್ಕು ಕಾಯ್ದೆಯ 3ನೇ ಕಲಂನಲ್ಲಿ ಮೀನು ಮತ್ತೆ ನೀರಲ್ಲಿ ಸಿಗೋ ಇತರೆ ಉತ್ಪನ್ನಗಳ ಮೇಲೆ ಸಮುದಾಯದ ಹಕ್ಕು ಅಂತ ಸ್ಪಷ್ಟವಾಗಿ ಬರೆದಿದೆ. ಆ ಹಕ್ಕಿಗೆ ಅರ್ಜಿ ಹಾಕುವಾಗ ಎಲ್ಲಿ, ಯಾವ ಕಾಲಕ್ಕೆ, ಏನು ಹಿಡೀತಿದ್ವಿ ಅನ್ನೋ ದಾಖಲೆ ತುಂಬಾ ಉಪಯೋಗಕ್ಕೆ ಬರುತ್ತೆ, ಇಲ್ಲಿ ಹೇಳೋ ಲೆಕ್ಕ ಅದಕ್ಕೂ ಆಗುತ್ತೆ.

2. ಫೋನ್ ತೆಗೆಯೋ ಮೊದಲು ಜನ ಸೇರ್ಸಿ

ಯಾರನ್ನ ಕರೀಬೇಕು? ಬಲೆ ಹಾಕೋರು, ಗಾಳದವರು, ಹಾಡಿಯ ಯರವರು, ಜೇನು ಕುರುಬರು, ಲೈನ್ ಮನೆಯವರು, ಹೊಳೆಗೆ ಪಂಪ್ ಇಟ್ಟಿರೋ ತೋಟದವರು, ಪಲ್ಪರ್ ಇರೋರು, ಗದ್ದೆ ಮಾಡೋರು, ಮೀನು ಮಾರೋ ಅಂಗಡಿಯವರು. ತೋಟದವರನ್ನ ಯಾಕೆ ಅಂತ ಕೇಳ್ಬೇಡಿ. ಫೆಬ್ರವರಿ ಮಾರ್ಚಲ್ಲಿ ಕಾಫಿ ಹೂವಿಗೆ ನೀರು ಹೊಡೆಯೋಕೆ ಎಲ್ಲಾ ಸ್ಪ್ರಿಂಕ್ಲರ್ ಒಟ್ಟಿಗೆ ಶುರುವಾದ್ರೆ ಸಣ್ಣ ಹೊಳೆ ಎರಡೇ ದಿನಕ್ಕೆ ಗುಂಡಿ ಗುಂಡಿಯಾಗಿ ತುಂಡಾಗುತ್ತೆ, ಮೀನೆಲ್ಲಾ ಆ ಗುಂಡಿಗೆ ಬಂದು ಸೇರುತ್ತೆ, ಅಲ್ಲಿಗೆ ಒಂದು ಬಲೆ ಬಿದ್ರೆ ಮುಗೀತು. ಅವರನ್ನ ಬಿಟ್ಟು ಮೀನು ಉಳಿಸೋ ಮಾತೇ ಇಲ್ಲ.

ನಮ್ಮ ಕಡೆ ಒಂದು ಸಭೆಯಲ್ಲಿ ಮಹಶೀರು, ಕಾಟ್ಲಾ, ರೋಹು ಅಂತ ಪಟ್ಟಿ ಮಾಡ್ತಾ ಕೂತಿದ್ವಿ, ಹಿಂದೆ ಕೂತಿದ್ದ ಹಾಡಿಯ ಅಕ್ಕ ಒಬ್ರು ಎದ್ದು ನಿಂತು "ಏಡಿ ಎಲ್ಲಿ ಬರೀತೀರ ಅಣ್ಣ? ಗದ್ದೆ ಮೀನು? ನಾವು ಹಿಡಿಯೋದು ಅದೇ ಅಲ್ವಾ" ಅಂತ ಕೇಳಿದ್ರು. ಎಷ್ಟು ಸರಿ ಇತ್ತು ಆ ಪ್ರಶ್ನೆ. ದೊಡ್ಡ ಮೀನು ಹಿಡಿಯೋದು ಗಂಡಸರು, ಅದಕ್ಕೆ ಫೋಟೋನೂ ಇರುತ್ತೆ ಹೆಸರೂ ಇರುತ್ತೆ. ಮಳೆಗಾಲದಲ್ಲಿ ಮನೆ ಸಾರಿಗೆ ಬರೋ ಏಡಿ, ಸಣ್ಣ ಮೀನು, ಕೂಳಿಗೆ (ಮೀನು ಹಿಡಿಯೋ ಬುಟ್ಟಿ) ಬೀಳೋದು, ಇದೆಲ್ಲಾ ಹೆಚ್ಚು ಹೆಂಗಸರು ಮಕ್ಕಳ ಕೈಯಲ್ಲಿ. ಅದನ್ನ ಪಟ್ಟಿಯಿಂದ ಬಿಟ್ರೆ ಅರ್ಧ ಊರಿನ ಮೀನುಗಾರಿಕೆ ಲೆಕ್ಕದಿಂದ ಆಚೆ ಹೋಯ್ತು ಅಂತಾನೇ.

ಅದೇ ಸಭೆಯಲ್ಲಿ ದೊಡ್ಡ ಚಾರ್ಟ್ ಪೇಪರ್ ಹಾಸಿ ಹೊಳೆ ಬಿಡ್ಸಿ. ಮಡುಗಳಿಗೆ ಊರವರು ಏನು ಹೆಸರು ಹೇಳ್ತಾರೋ ಅದೇ ಹೆಸರು ಬರೀರಿ, ಬಟ್ಟೆ ಒಗೆಯೋ ಕಲ್ಲು, ದೇವರಕಾಡು, ಪಂಪ್ ಹೌಸ್, ತೂಗುಸೇತುವೆ, ಸ್ಮಶಾನ ಎಲ್ಲಾ ಗುರುತು ಹಾಕಿ. ಹಿರಿಯರು ಮೊದಲು ಆಳ ಇತ್ತು ಈಗ ಮರಳು ತುಂಬಿದೆ ಅಂತ ತೋರಿಸೋ ಜಾಗಗಳನ್ನ ಬೇರೆ ಬಣ್ಣದಲ್ಲಿ ಹಾಕಿ. 2018ರ ಆಗಸ್ಟಲ್ಲಿ ಗುಡ್ಡ ಕುಸಿದಾಗ ಹಾರಂಗಿ ಮೇಲ್ಭಾಗದ ಹೊಳೆಗಳಿಗೆ ಬಂದ ಮಣ್ಣು ಎಷ್ಟೋ ಗುಂಡಿ ಮುಚ್ಚಿದೆ, ಹಂಗಾಗಿ ಹಳೇ ಮ್ಯಾಪ್ ನಂಬ್ಕೊಂಡು ಕೂರೋ ಹಾಗಿಲ್ಲ, ಪ್ರತೀ ಮಳೆಗಾಲ ಮುಗಿದ್ಮೇಲೆ, ತುಲಾ ಸಂಕ್ರಮಣದ ಆಸುಪಾಸಿಗೆ ಅಂತ ಇಟ್ಕೊಳ್ಳಿ, ಒಂದ್ಸಲ ತಿದ್ದಬೇಕು.

3. ಫಾರಂ ಮಾಡೋದು, ಇಲ್ಲಿ ಸ್ವಲ್ಪ ಹೊತ್ತು ಕೊಡಿ

ಆ್ಯಪ್ ಎಷ್ಟೋ ಇದೆ. ಸಮುದ್ರದವರಿಗೆ ಅಂತ ಮಾಡಿದ್ದು ನಮ್ಮ ಹೊಳೆಗೆ ಆಗಲ್ಲ. ನಾನು ಹೇಳೋದು ಫಾರಂ ಮಾಡಿ ಫೋನಲ್ಲೇ ತುಂಬೋಕೆ ಇರೋ ಕೋಬೋ ಟೂಲ್‌ಬಾಕ್ಸ್. ಸಣ್ಣ ಗುಂಪಿಗೆ ದುಡ್ಡು ಕೊಡೋದು ಬೇಡ, ಫಾರಂ ಪೂರ್ತಿ ಕನ್ನಡದಲ್ಲಿ ಮಾಡ್ಬಹುದು, ಮುಖ್ಯವಾಗಿ ನೆಟ್‌ವರ್ಕ್ ಇಲ್ಲದೆ ಕೆಲಸ ಮಾಡುತ್ತೆ, ಹೊಳೆ ಬದಿಯಲ್ಲಿ ಒಂದು ಕಡ್ಡಿ ಸಿಗ್ನಲ್ ಬಂದ್ರೆ ಅದೇ ಭಾಗ್ಯ ಅನ್ನೋ ನಮ್ಮ ಜಿಲ್ಲೆಗೆ ಇದಕ್ಕಿಂತ ದೊಡ್ಡ ಗುಣ ಬೇಡ.

ಕಂಪ್ಯೂಟರ್ ಇರೋ ಒಬ್ರು, ಕಾಲೇಜು ಹುಡುಗಿ ಹುಡುಗ ಯಾರಾದ್ರೂ ಆಗ್ಬಹುದು, ಕೋಬೋ ವೆಬ್‌ಸೈಟಲ್ಲಿ ಅಕೌಂಟ್ ಮಾಡಿ, ನ್ಯೂ ಪ್ರಾಜೆಕ್ಟ್ ಒತ್ತಿ, ಹೊಸದಾಗಿ ಫಾರಂ ಕಟ್ಟೋ ಆಯ್ಕೆ ತಗೊಳ್ಳಿ. ಪ್ರಶ್ನೆಗಳು ಹೆಚ್ಚು ಬೇಡ, ಎರಡು ನಿಮಿಷದಲ್ಲಿ ತುಂಬೋ ಹಾಗಿರ್ಬೇಕು, ಒದ್ದೆ ಕೈಯಲ್ಲಿ ನಿಂತ್ಕೊಂಡು ಇಪ್ಪತ್ತು ಪ್ರಶ್ನೆಗೆ ಯಾರೂ ಉತ್ತರ ಕೊಡಲ್ಲ.

ಇರಲೇಬೇಕಾದ ಪ್ರಶ್ನೆ ಇವು. ತಾರೀಕು. ಯಾವ ಮಡು, ಇದು ಟೈಪ್ ಮಾಡೋದಲ್ಲ, ಚಾರ್ಟಲ್ಲಿ ಬರೆದ ಹೆಸರುಗಳ ಪಟ್ಟಿಯಿಂದ ಆರಿಸೋದು. ಏನಲ್ಲಿ ಹಿಡಿದ್ರಿ, ಗಾಳ, ಬೀಸು ಬಲೆ, ಕಟ್ಟು ಬಲೆ, ಕೂಳಿ, ಬರಿಗೈ. ಬಲೆ ಆದ್ರೆ ಎಷ್ಟು ಬಲೆ, ಕಣ್ಣಿನ ಅಳತೆ ಎಷ್ಟು. ಎಷ್ಟು ಗಂಟೆ ಹಾಕಿದ್ರಿ. ಎಷ್ಟು ಜನ ಇದ್ರಿ. ಆಮೇಲೆ ಮೀನು ಸಿಕ್ತಾ ಇಲ್ವಾ. ಸಿಕ್ತು ಅಂದ್ರೆ ಮಾತ್ರ ಮುಂದಿನ ಪ್ರಶ್ನೆ ತೆರೆಯೋ ಹಾಗೆ ಸ್ಕಿಪ್ ಲಾಜಿಕ್ ಹಾಕಿ: ಯಾವ ಮೀನು, ಎಷ್ಟು, ಒಟ್ಟು ತೂಕ, ದೊಡ್ಡದರ ಉದ್ದ, ಫೋಟೋ, ಇಟ್ಕೊಂಡ್ರಾ ಬಿಟ್ರಾ ಮಾರಿದ್ರಾ. ಕೊನೇಲಿ ಒಂದು ಆಡಿಯೋ ಪ್ರಶ್ನೆ, ಏನಾದ್ರೂ ಹೇಳೋದಿದ್ರೆ ಮಾತಾಡಿ ಅಂತ. ಬರೆಯೋಕೆ ಬರದೇ ಇದ್ರೂ ಮಾತಲ್ಲಿ ಎಲ್ಲಾ ಹೇಳೋ ಹಿರಿಯರು ನಮ್ಮಲ್ಲಿ ತುಂಬಾ ಜನ, ಕೊಡವ ತಕ್ಕಲ್ಲಿ ಹೇಳ್ಲಿ, ಅರೆಭಾಷೆಯಲ್ಲಿ ಹೇಳ್ಲಿ, ಯರವ ಮಾತಲ್ಲಿ ಹೇಳ್ಲಿ, ರೆಕಾರ್ಡ್ ಆಗಿರ್ಲಿ.

ಮೀನಿನ ಹೆಸರಿನ ಪಟ್ಟಿ ಮಾಡುವಾಗ ಪ್ರತಿಯೊಂದಕ್ಕೂ ಫೋಟೋ ಹಾಕಿ. ಮಹಶೀರಿಗೆ ಕಾವೇರಿ ದಡದಲ್ಲಿ ಬಿಳಿಮೀನು ಅಂತಾನೂ ಕರೀತಾರೆ, ತಿಲಾಪಿಯಕ್ಕೆ ಜಿಲೇಬಿ ಅಂತಾರೆ, ಕೊರವ, ಬಾಳೆ ಮೀನು, ಹಾವು ಮೀನು ಅಂದ್ರೆ ಊರಿಂದ ಊರಿಗೆ ಬೇರೆ ಬೇರೆ ಮೀನೂ ಇರ್ಬಹುದು, ಹೆಸರಿನ ಮೇಲೆ ಜಗಳ ಬೇಡ, ಫೋಟೋ ನೋಡಿ ಒತ್ಲಿ. ಪಟ್ಟಿಯಲ್ಲಿ ಎರಡು ಹೊರಗಿನ ಮೀನು ಕಡ್ಡಾಯ: ತಿಲಾಪಿಯ ಮತ್ತೆ ಆಫ್ರಿಕನ್ ಕ್ಯಾಟ್‌ಫಿಶ್. ಆಫ್ರಿಕನ್ ಕ್ಯಾಟ್‌ಫಿಶ್ ಸಾಕೋದೇ ನಮ್ಮ ದೇಶದಲ್ಲಿ ನಿಷೇಧ, ಆದ್ರೂ ಕದ್ದು ಸಾಕಿದ ಗುಂಡಿಗಳು ಮಳೆಗೆ ಉಕ್ಕಿ ಹೊಳೆ ಸೇರುತ್ತೆ, ಸಿಕ್ಕಿದ್ದನ್ನೆಲ್ಲಾ ತಿನ್ನುತ್ತೆ. ಮೊದಲ ಸಲ ಎಲ್ಲಿ ಕಾಣಿಸ್ತು ಅಂತ ತಾರೀಕು ಸಮೇತ ಇದ್ರೆ ಇಲಾಖೆಗೆ ಹೇಳೋಕೆ ಬಲ ಬರುತ್ತೆ.

ಈಗ ಇಡೀ ಲೇಖನದಲ್ಲಿ ನನಗೆ ಅತೀ ಮುಖ್ಯ ಅನ್ಸೋ ಮಾತು. ಮೀನು ಸಿಗದ ದಿನವನ್ನೂ ಬರೀರಿ. ಏನೂ ಸಿಗ್ಲಿಲ್ಲ, ಏನು ಬರೆಯೋದು ಅಂತ ಎಲ್ರೂ ಬಿಟ್ಬಿಡ್ತಾರೆ. ಖಾಲಿ ದಿನ ಬಿಟ್ರೆ ನಿಮ್ಮ ಲೆಕ್ಕದಲ್ಲಿ ಹೊಳೆ ಯಾವಾಗ್ಲೂ ತುಂಬಿರೋ ಹಾಗೇ ಕಾಣುತ್ತೆ, ಮೀನು ಮುಗಿಯೋ ಹಿಂದಿನ ದಿನದವರೆಗೂ. ಮೂರು ಗಂಟೆ ಗಾಳ, ಏನೂ ಇಲ್ಲ, ಈ ಒಂದು ಸಾಲಿಗೆ ಹತ್ತು ಕೆಜಿ ಮಹಶೀರ್ ಫೋಟೋಗಿಂತ ಹೆಚ್ಚು ಬೆಲೆ ಇದೆ ಅಂತ ಗುಂಪಲ್ಲಿ ಮತ್ತೆ ಮತ್ತೆ ಹೇಳ್ತಾ ಇರಿ.

4. ಫೋನಿಗೆ ಹಾಕಿ, ಅಳತೆ ಕಲಿಸಿ

ಫಾರಂ ರೆಡಿ ಆದ್ಮೇಲೆ ಡಿಪ್ಲಾಯ್ ಒತ್ತಬೇಕು. ಆಂಡ್ರಾಯ್ಡ್ ಫೋನಲ್ಲಿ ಪ್ಲೇಸ್ಟೋರಿಂದ ಕೋಬೋ ಕಲೆಕ್ಟ್ ಹಾಕಿ, ಪ್ರಾಜೆಕ್ಟಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಇಲ್ಲಾ ಸರ್ವರ್ ಅಡ್ರೆಸ್ ಟೈಪ್ ಮಾಡಿ, ವೈಫೈ ಇರೋ ಕಡೆ ಒಂದ್ಸಲ ಫಾರಂ ಡೌನ್‌ಲೋಡ್ ಮಾಡ್ಕೊಳ್ಳಿ. ಆಮೇಲೆ ಹೊಳೆ ಹತ್ರ ಸ್ಟಾರ್ಟ್ ನ್ಯೂ ಫಾರ್ಮ್, ತುಂಬಿ, ಫೈನಲೈಸ್, ಅಷ್ಟೇ, ಮನೆಗೆ ಬಂದು ನೆಟ್ ಸಿಕ್ಕಾಗ ಕಳಿಸಿದ್ರಾಯ್ತು. ಆಟೋ ಸೆಂಡ್ ಆನ್ ಇಟ್ರೆ ತಾನೇ ಹೋಗುತ್ತೆ. ಕಕ್ಕಡ ತಿಂಗಳಲ್ಲಿ ನಾಲ್ಕು ದಿನ ಕರೆಂಟೇ ಇರಲ್ಲ, ಗುಂಪಿಗೆ ಒಂದೆರಡು ಪವರ್ ಬ್ಯಾಂಕ್, ಫೋನಿಗೆ ಜಿಪ್ ಇರೋ ಪ್ಲಾಸ್ಟಿಕ್ ಕವರ್ ಇಟ್ಕೊಳ್ಳಿ. ಸ್ಮಾರ್ಟ್‌ಫೋನ್ ಇಲ್ಲದವರು ಒಬ್ಬರಿಗೆ ಫೋನ್ ಮಾಡಿ ಹೇಳ್ಲಿ, ಇಲ್ಲ ಮನೆಯವರ ಫೋನಿಂದ ವಾಟ್ಸಾಪ್ ವಾಯ್ಸ್ ಕಳಿಸ್ಲಿ, ಆ ಒಬ್ರು ಅದೇ ಸಂಜೆ ಫಾರಂಗೆ ಹಾಕ್ಬೇಕು, ನಾಳೆಗೆ ಅಂತ ಬಿಟ್ರೆ ಅದು ಮುಗೀತು.

ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ಆಕಾಶ ಕಂಡ್ರೆ ಸಾಕು. ಆದ್ರೆ ನಮ್ಮ ತೋಟದ ನೆರಳಲ್ಲಿ, ಸಿಲ್ವರ್ ಓಕ್ ಕೆಳಗೆ ನಿಂತು ಒತ್ತಿದ್ರೆ ಐವತ್ತು ಮೀಟರ್ ಆಚೆ ಈಚೆ ತೋರಿಸುತ್ತೆ, ಕಲ್ಲಿನ ಮೇಲೆ ಬಯಲಿಗೆ ಬಂದು ನಿಖರತೆ ಹತ್ತು ಮೀಟರ್ ಒಳಗೆ ಬರೋವರೆಗೆ ಕಾಯಿರಿ.

ಉದ್ದ ಅಳೆಯೋಕೆ ಒಂದು ಹಲಗೆ ಮಾಡ್ಕೊಳ್ಳಿ. ಎರಡೂವರೆ ಅಡಿ ಹಲಗೆ, ಒಂದು ತುದಿಗೆ ಅಡ್ಡ ಪಟ್ಟಿ ಹೊಡೆದು, ಉದ್ದಕ್ಕೂ ಟೈಲರ್ ಟೇಪ್ ಅಂಟಿಸಿ ಮೇಲೆ ಪಾರದರ್ಶಕ ಟೇಪ್ ಸುತ್ತಿದ್ರೆ ಮಳೆಗೂ ಹೆದರಲ್ಲ. ಮೀನಿನ ಮೂತಿ ಅಡ್ಡ ಪಟ್ಟಿಗೆ ತಾಗ್ಬೇಕು, ಬಾಲದ ಕವಲಿನ ಮಧ್ಯ ಎಲ್ಲಿ ಬರುತ್ತೋ ಅದನ್ನ ಓದ್ಬೇಕು. ಕೆಲವರು ಬಾಲದ ತುದಿವರೆಗೆ ಓದ್ತಾರೆ, ಯಾವುದಾದ್ರೂ ಸರಿ, ಎಲ್ರೂ ಒಂದೇ ಥರ ಓದ್ಬೇಕು ಅಷ್ಟೇ. ಬಿಡೋ ಮೀನಾದ್ರೆ ಹಲಗೆ ಒದ್ದೆ ಮಾಡಿ, ಕೈ ಒದ್ದೆ ಮಾಡಿ, ಮೇಲಿನ ಲೋಳೆ ಹೋಗ್ಬಾರ್ದು, ಕಿವಿರಿಗೆ ಬೆರಳು ಹಾಕ್ಬಾರ್ದು, ಫೋಟೋ ತೆಗೆಯೋರು ಮೊದಲೇ ರೆಡಿ ಇದ್ದು ಮೀನು ನೀರಿಂದ ಹೊರಗಿರೋ ಹೊತ್ತು ಆದಷ್ಟು ಕಮ್ಮಿ ಇರ್ಬೇಕು. ವಾಲ್ನೂರು ಭಾಗದಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ನಡೆಸ್ಕೊಂಡು ಬಂದಿರೋ ಹಿಡಿದು ಬಿಡೋ ಗಾಳದ ಪದ್ಧತಿ ಗೊತ್ತಿರೋರು ನಿಮ್ಮ ಹತ್ತಿರ ಇದ್ರೆ ಅವರನ್ನೇ ಕರೆದು ಕಲಿಸೋಕೆ ಹೇಳಿ.

ಹೊತ್ತು ಮುಳುಗಿದ್ಮೇಲೆ, ಬೆಳಗಾಗೋ ಮೊದಲು ಬರೀಬೇಕು ಅಂತ ಯಾರೂ ಹೊಳೆಗೆ ಹೋಗ್ಬೇಡಿ. ಆನೆ ನೀರಿಗೆ ಇಳಿಯೋ ಹೊತ್ತು ಅದು. ಯಾವ ಲೆಕ್ಕವೂ ಜೀವಕ್ಕಿಂತ ಹೆಚ್ಚಲ್ಲ.

5. ಮಡುವಿನ ಜಾಗ ಬಯಲು ಮಾಡ್ಬೇಡಿ

ದೊಡ್ಡ ಮಹಶೀರ್ ಇರೋ ಗುಂಡಿಯ ಜಿಪಿಎಸ್ ವಾಟ್ಸಾಪಲ್ಲಿ ಓಡಾಡಿದ್ರೆ ವಾರದೊಳಗೆ ಹೊರಗಿನವರು ತೋಟೆ (ನೀರಲ್ಲಿ ಸಿಡಿಸೋ ಸಿಡಿಮದ್ದು) ಹಿಡ್ಕೊಂಡು ಬರ್ತಾರೆ, ಉಳಿಸೋಕೆ ಮಾಡಿದ ಕೆಲಸವೇ ಮೀನಿಗೆ ಕಂಟಕ ಆಗುತ್ತೆ. ಕೋಬೋದಲ್ಲಿ ಯಾರು ಏನು ನೋಡ್ಬಹುದು ಅಂತ ಒಬ್ಬೊಬ್ಬರಿಗೆ ಬೇರೆ ಬೇರೆ ಅನುಮತಿ ಕೊಡ್ಬಹುದು, ಎಲ್ರಿಗೂ ಫಾರಂ ತುಂಬೋಕೆ ಮಾತ್ರ ಕೊಡಿ, ಪೂರ್ತಿ ಡೇಟಾ ಊರು ನಂಬೋ ಎರಡು ಮೂರು ಜನಕ್ಕೆ ಇರ್ಲಿ. ಗೋಡೆಗೆ ಅಂಟಿಸೋ ಮ್ಯಾಪಲ್ಲಿ ಮೇಲಿನ ಭಾಗ, ಕೆಳಗಿನ ಭಾಗ ಅಂತ ಇದ್ರೆ ಸಾಕು.

ಅಪರೂಪದ ಮೀನಿನ ಫೋಟೋನ ಜೀವಿಗಳನ್ನ ಗುರುತಿಸೋ ವೆಬ್‌ಸೈಟ್ ಐನ್ಯಾಚುರಲಿಸ್ಟ್‌ಗೆ ಹಾಕಿದ್ರೆ ತಿಳಿದವರು ಜಾತಿ ಗುರುತಿಸಿ ಕೊಡ್ತಾರೆ, ಅಪಾಯದಲ್ಲಿರೋ ಜಾತಿ ಅಂತ ಗುರುತಾದ್ರೆ ಜಾಗವನ್ನ ಅದು ತಾನೇ ಮಸುಕು ಮಾಡುತ್ತೆ, ಆದ್ರೂ ಹಾಕುವಾಗ್ಲೇ ಜಿಯೋಪ್ರೈವಸಿಯಲ್ಲಿ ಅಬ್ಸ್ಕ್ಯೂರ್ಡ್ ಅಂತ ನೀವೇ ಆರಿಸ್ಕೊಳ್ಳಿ. ವಾಟ್ಸಾಪಲ್ಲಿ ಫೋಟೋನ ಡಾಕ್ಯುಮೆಂಟ್ ಮಾಡಿ ಕಳಿಸಿದ್ರೆ ಒಳಗಿರೋ ಜಿಪಿಎಸ್ಸೂ ಜೊತೆಗೇ ಹೋಗುತ್ತೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಯಾರು ಎಷ್ಟು ಹಿಡಿದ್ರು ಅಂತ ಹೆಸರು ಸಮೇತ ಎಲ್ಲೂ ಹಾಕ್ಬೇಡಿ, ಹೆಸರಿನ ಬದಲು ನಂಬರ್ ಕೊಡಿ. ಒಪ್ಪಿಗೆ ಕೇಳದೆ ಯಾರದ್ದೂ ಬರೀಬೇಡಿ.

6. ನೀರಿನ ಕಥೆನೂ ಬರೀರಿ

ಮೀನು ಕಮ್ಮಿ ಆಗೋಕೆ ಬಲೆ ಒಂದೇ ಕಾರಣ ಅಲ್ಲ. ಕಾಫಿ ಕುಯ್ಲು ಶುರುವಾಗಿ ಪಲ್ಪಿಂಗ್ ನಡೆಯೋ ತಿಂಗಳುಗಳಲ್ಲಿ ಹುಳಿ ಬಂದ ಆ ನೀರು ತೋಡಿಗೆ ಬಿದ್ರೆ ಅದನ್ನ ಕೊಳೆಸೋ ಬ್ಯಾಕ್ಟೀರಿಯಾ ನೀರಲ್ಲಿರೋ ಆಮ್ಲಜನಕ ಎಲ್ಲಾ ತಿಂದ್ಹಾಕುತ್ತೆ, ಮೀನು ಬಾಯಿ ಮೇಲೆ ಮಾಡ್ಕೊಂಡು ಬರುತ್ತೆ. ಪಿಎಚ್ ಪೆನ್, ಆಮ್ಲಜನಕ ನೋಡೋ ಕಿಟ್, ಒಂದು ಥರ್ಮಾಮೀಟರ್, ಇಷ್ಟು ಗುಂಪಿಗೆ ಒಂದು ಸೆಟ್ ಸಾಕು. ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಮೇಲಿದ್ರೆ ನೆಮ್ಮದಿ, 3ಕ್ಕಿಂತ ಇಳಿದ್ರೆ ಮೀನಿಗೆ ಕಷ್ಟ. ರಾತ್ರಿ ಇಡೀ ಗಿಡ ಪಾಚಿ ಎಲ್ಲಾ ಉಸಿರಾಡಿ ಬೆಳಗ್ಗೆ ಹೊತ್ತಿಗೇ ಅತಿ ಕಮ್ಮಿ ಇರುತ್ತೆ, ಹಂಗಾಗಿ ಬೆಳಕು ಹರಿದ ತಕ್ಷಣ, ಪ್ರತೀ ಸಲ ಅದೇ ಹೊತ್ತಿಗೆ, ಪಲ್ಪರ್ ಇರೋ ಜಾಗದ ಮೇಲೂ ಕೆಳಗೂ ಎರಡೂ ಕಡೆ ಅಳೀರಿ. ಒಂದೇ ಕಡೆ ಅಳೆದ್ರೆ ಯಾರೂ ಒಪ್ಪಲ್ಲ. ಇದಕ್ಕೆ ಕೋಬೋದಲ್ಲಿ ಬೇರೆ ಸಣ್ಣ ಫಾರಂ ಮಾಡಿ. ನಂಬರ್ ಸಿಕ್ಕಿದ ತಕ್ಷಣ ಫೇಸ್‌ಬುಕ್ಕಿಗೆ ಹಾಕೋ ಬದಲು ಮೊದಲು ಆ ತೋಟದವರ ಜೊತೆ ಕೂತು ಮಾತಾಡಿ, ಅವರೂ ಇದೇ ಹೊಳೆ ನೀರು ಕುಡಿಯೋರು, ಗುಂಡಿ ತೋಡಿ ನೀರು ತಡೆದು ಸುಣ್ಣ ಹಾಕಿ ಶುದ್ಧ ಮಾಡೋಕೆ ಒಪ್ಪೋ ಜನ ಇದ್ದಾರೆ.

ಮೇಲಿಂದ ನೋಡೋಕೆ ಕೋಪರ್ನಿಕಸ್ ಬ್ರೌಸರ್ ಅಂತ ಇದೆ, ಫ್ರೀ. ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆ ಅಂದ್ರೆ ನೆಲದ ಮೇಲೆ ಹತ್ತು ಮೀಟರ್, ಸುಮಾರು ಐದು ದಿನಕ್ಕೊಂದು ಚಿತ್ರ ಬರುತ್ತೆ, ಎನ್‌ಡಿಡಬ್ಲ್ಯುಐ ಅನ್ನೋ ಲೇಯರ್ ಹಾಕಿದ್ರೆ ನೀರು ಎಲ್ಲೆಲ್ಲಿ ನಿಂತಿದೆ ಅಂತ ಬೇರೆ ಬಣ್ಣದಲ್ಲಿ ಕಾಣುತ್ತೆ. ಜೂನಿಂದ ಸೆಪ್ಟೆಂಬರ್ ಕೊಡಗಿನ ಮೇಲೆ ಮೋಡ ಬಿಟ್ರೆ ಏನೂ ಕಾಣಲ್ಲ, ಹಂಗಾಗಿ ಅದು ಡಿಸೆಂಬರಿಂದ ಮೇವರೆಗಿನ ಕೆಲಸ, ಹೂ ನೀರಿನ ಸಮಯಕ್ಕೆ ದೊಡ್ಡ ಕೆರೆಗಳು, ಹಾರಂಗಿ ಹಿನ್ನೀರು ಎಷ್ಟು ಕುಗ್ಗುತ್ತೆ ಅಂತ ವರ್ಷ ವರ್ಷಕ್ಕೂ ಹೋಲಿಸೋಕೆ ಚೆನ್ನಾಗಿದೆ. ಕಿರಿದಾದ ತೋಡು ಇದರಲ್ಲಿ ಕಾಣಲ್ಲ. ಜಲಾಶಯದ ಮಟ್ಟಕ್ಕೆ ರಾಜ್ಯದ ವಿಪತ್ತು ನಿಗಾ ಕೇಂದ್ರ ಕೆಎಸ್‌ಎನ್‌ಡಿಎಂಸಿ ದಿನಾ ಹಾಕೋ ಪಟ್ಟಿ ನೋಡಿ. ಹಾರಂಗಿ ತುಂಬೋದು 2859 ಅಡಿಗೆ, ಅದರ ಹತ್ರ ಬಂತು ಅಂದ್ರೆ ಯಾವಾಗ ಬೇಕಾದ್ರೂ ಗೇಟ್ ತೆಗೀತಾರೆ, ಕೂಡಿಗೆ ಕಡೆ ಬಲೆ ಕಟ್ಟಿರೋರಿಗೆ ಗುಂಪಲ್ಲಿ ವಾಯ್ಸ್ ಮೆಸೇಜ್ ಹಾಕೋ ಜವಾಬ್ದಾರಿ ಒಬ್ಬರಿಗೆ ಕೊಡಿ.

7. ಲೆಕ್ಕ ಓದೋದು

ಕೋಬೋದಿಂದ ಎಕ್ಸೆಲ್ ಫೈಲ್ ಇಳಿಸಿ ಗೂಗಲ್ ಶೀಟ್ಸ್‌ಗೆ ಹಾಕಿ. ಮಾಡ್ಬೇಕಾದ ಗಣಿತ ಒಂದೇ: ಒಟ್ಟು ತೂಕವನ್ನ ಬಲೆ ಗುಣಿಸು ಗಂಟೆಯಿಂದ ಭಾಗಿಸೋದು.

ಒಂದು ಉದಾಹರಣೆ ಕಲ್ಪಿಸ್ಕೊಳ್ಳಿ. ಹೋದ ಜನವರಿ 3 ಬಲೆ, 4 ಗಂಟೆ, ಸಿಕ್ಕಿದ್ದು 1.8 ಕೆಜಿ. 3 ಗುಣಿಸು 4 ಅಂದ್ರೆ 12, ಹಂಗಾದ್ರೆ ಒಂದು ಬಲೆ ಒಂದು ಗಂಟೆಗೆ 150 ಗ್ರಾಂ. ಈ ಜನವರಿ ಅದೇ ಮಡುವಲ್ಲಿ 5 ಬಲೆ, 6 ಗಂಟೆ, ಸಿಕ್ಕಿದ್ದು 3 ಕೆಜಿ. ಮನೆಗೆ ಬಂದ ಮೀನು ಜಾಸ್ತಿ, ಎಲ್ರಿಗೂ ಖುಷಿ. ಭಾಗಿಸಿ ನೋಡಿದ್ರೆ 30ಕ್ಕೆ 3 ಕೆಜಿ, ಅಂದ್ರೆ 100 ಗ್ರಾಂ. ಮೀನು ಮೂರನೇ ಒಂದು ಪಾಲು ವಿರಳ ಆಗಿದೆ, ನಾವು ಹೆಚ್ಚು ಬಲೆ ಹಾಕಿ ಅದನ್ನ ಮುಚ್ಕೊಂಡಿದ್ದೀವಿ ಅಷ್ಟೇ. ಎಷ್ಟು ಗಂಟೆ ಅನ್ನೋ ಪ್ರಶ್ನೆಗೆ ಅಷ್ಟು ಒತ್ತು ಕೊಟ್ಟಿದ್ದು ಇದಕ್ಕೇ. ಗಾಳ ಬೇರೆ, ಬಲೆ ಬೇರೆ, ಕೂಳಿ ಬೇರೆ ಲೆಕ್ಕ, ಒಟ್ಟು ಕಲಸಬಾರ್ದು. ಜನವರಿಯನ್ನ ಜನವರಿ ಜೊತೆಗೇ ಹೋಲಿಸ್ಬೇಕು, ಜುಲೈ ಕೆಂಪು ನೀರಿನ ಲೆಕ್ಕ ಬೇಸಿಗೆ ಗುಂಡಿಗೆ ಹೊಂದಲ್ಲ. ಒಂದು ವರ್ಷ ಇಳಿದ ಮಾತ್ರಕ್ಕೆ ಗಾಬರಿನೂ ಬೇಡ, ಮಳೆ ಹೆಚ್ಚು ಕಮ್ಮಿ ಆದ್ರೂ ಹಾಗಾಗುತ್ತೆ.

ಉದ್ದದ ಲೆಕ್ಕಾನೂ ನೋಡಿ. ಅದೇ ಜಾತಿ ಮೀನು ವರ್ಷದಿಂದ ವರ್ಷಕ್ಕೆ ಸಣ್ಣದೇ ಸಿಗ್ತಾ ಹೋದ್ರೆ ಮೊಟ್ಟೆ ಇಡೋ ವಯಸ್ಸಿಗೆ ಬರೋ ಮೊದಲೇ ಹಿಡೀತಾ ಇದ್ದೀವಿ ಅಂತ ಅರ್ಥ, ಬಲೆ ಕಣ್ಣು ದೊಡ್ಡದು ಮಾಡೋ ಮಾತು ಅಲ್ಲಿಂದ ಶುರು.

ಈ ಚಾರ್ಟ್ ಫೋನಲ್ಲೇ ಇದ್ರೆ ಏನೂ ಆಗಲ್ಲ. ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆದು ಅಂಗನವಾಡಿ, ಸೊಸೈಟಿ, ಪೇಟೆ ಅಂಗಡಿ ಗೋಡೆಗೆ ಅಂಟಿಸಿ, ಹಾಡಿಗೆ ಹೋಗಿ ಓದಿ ಹೇಳಿ. ಬರೆದವರಿಗೆ ತಾವು ಬರೆದಿದ್ದು ಕಾಣ್ಬೇಕು, ಇಲ್ಲಾಂದ್ರೆ ಎರಡನೇ ಮಳೆಗಾಲಕ್ಕೆ ಯಾರೂ ಬರೆಯಲ್ಲ.

8. ನಿಯಮ, ಅದನ್ನ ಲೆಕ್ಕ ಬರೋ ಮೊದಲೇ ಒಪ್ಕೊಳ್ಳಿ

ಲೆಕ್ಕ ಬಂದ್ಮೇಲೆ ಏನು ಮಾಡೋದು ಅಂತ ಕೂತ್ರೆ ಪ್ರತಿಯೊಬ್ರೂ ತಮಗೆ ಬೇಕಾದ ಹಾಗೆ ಓದ್ತಾರೆ. ಬಲೆ ಗಂಟೆಗೆ ಸಿಗೋ ತೂಕ ಎರಡು ವರ್ಷ ಸತತ ಇಳಿದ್ರೆ ಈ ಮಡು ಒಂದು ವರ್ಷ ಮುಚ್ತೀವಿ, ಇಂಥಾ ಅಳತೆಗಿಂತ ಸಣ್ಣದು ಬಿಡ್ತೀವಿ, ಹೀಗೆ ಇದ್ರೆ ಹೀಗೆ ಅಂತ ಮೊದಲೇ ಸಹಿ ಮಾಡಿ ಇಟ್ಕೊಳ್ಳಿ.

ಮೊದಲ ಮಳೆಗೆ ಹೊಳೆಯಿಂದ ತೋಡಿಗೆ, ತೋಡಿಂದ ಗದ್ದೆಗೆ ಮೊಟ್ಟೆ ತುಂಬ್ಕೊಂಡು ಹತ್ತೋ ಮೀನಿದೆಯಲ್ಲ, ಹತ್ತು ಮೀನು (ಮೇಲೆ ಹತ್ತೋ ಮೀನು) ಅಂತಾರಲ್ಲ, ಅದರ ಮೇಲೆ ಮೊದಲ ನಿಯಮ ಬರ್ಬೇಕು ಅನ್ನೋದು ನನ್ನ ಅಭಿಪ್ರಾಯ. ಗದ್ದೆ ಬಾಯಿಗೆ ಅಡ್ಡ ಬಲೆ ಕಟ್ಟಿದ್ರೆ ಒಂದೇ ರಾತ್ರಿಗೆ ಮುಂದಿನ ವರ್ಷದ ಮೀನೂ ಮುಗಿಯುತ್ತೆ. ಪೂರ್ತಿ ನಿಲ್ಲಿಸಿ ಅಂದ್ರೆ ಕೇಳಲ್ಲ, ಮಳೆಗಾಲದ ಮೀನು ಸಾರು ನಮ್ಮ ಮನೆಗಳಲ್ಲಿ ಎಷ್ಟು ಬೇಕಾದ್ದು ಅಂತ ಎಲ್ರಿಗೂ ಗೊತ್ತು. ಪೂರ್ತಿ ಅಡ್ಡ ಕಟ್ಬಾರ್ದು, ಅರ್ಧ ದಾರಿ ಬಿಡ್ಬೇಕು, ಮೊದಲ ನೆರೆಯ ಇಷ್ಟು ದಿನ ಬಿಟ್ಟು ಆಮೇಲೆ ಅಂತ ಊರೇ ಕೂತು ಹೇಳಿದ್ರೆ ಕೇಳ್ತಾರೆ. ದೇವಸ್ಥಾನದ ಹೆಸರಲ್ಲಿ ಮೀನು ಕಾಯೋದು ನಮಗೆ ಹೊಸದೂ ಅಲ್ಲ, ಇದೇ ಕಾವೇರಿ ಕೆಳಗೆ ರಾಮನಾಥಪುರದಲ್ಲಿ, ಘಟ್ಟದ ಕೆಳಗೆ ಶಿಶಿಲದಲ್ಲಿ ದೇವರ ಮೀನು ಅಂತ ಯಾರೂ ಮುಟ್ಟಲ್ಲ. ದೇವರಕಾಡಿನ ಪಕ್ಕ ಹರಿಯೋ ಹೊಳೆ ತುಂಡು ನಿಮ್ಮೂರಲ್ಲಿದ್ರೆ ಮೊದಲ ಮುಚ್ಚಿದ ಮಡು ಅದೇ ಆಗ್ಲಿ.

ಊರ ಒಪ್ಪಂದ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಮುಂದೆ ಇಡಿ. 2002ರ ಜೈವಿಕ ವೈವಿಧ್ಯ ಕಾಯ್ದೆ ಪ್ರಕಾರ ಪ್ರತೀ ಪಂಚಾಯಿತಿಯಲ್ಲೂ ಅದು ಇರ್ಬೇಕು, ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಿಮ್ಮ ಮೀನಿನ ಪಟ್ಟಿ, ಮಡುಗಳ ಹೆಸರು ಸೇರಿಸೋಕೆ ಹೇಳಿ. ಹಂಗೇ ಇಲಾಖೆಯವರು ಮೀನುಮರಿ ಬಿಡೋಕೆ ಬಂದ್ರೆ ಯಾವ ಜಾತಿ, ಎಲ್ಲಿಂದ ತಂದಿದ್ದು ಅಂತ ಕೇಳಿ ಬರೆದಿಡಿ, ಡುಬ್ಬದ ಮಹಶೀರ್ ಕಥೆ ಗೊತ್ತಿದ್ಮೇಲೆ ಈ ಪ್ರಶ್ನೆ ಕೇಳದೆ ಇರೋ ಹಾಗಿಲ್ಲ.

9. ತೋಟೆ, ಕರೆಂಟು, ಬ್ಲೀಚಿಂಗ್ ಕಂಡ್ರೆ

ತೋಟೆ ಸಿಡಿಸೋದು, ನೀರಿಗೆ ವಿಷ ಹಾಕೋದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಆದ್ರೆ ನೀವು ಹೋಗಿ ಅಡ್ಡ ನಿಲ್ಬೇಡಿ, ಸಿಡಿಮದ್ದು ಇರೋರ ಹತ್ರ ಬೇರೆ ಏನಿರುತ್ತೋ. ದೂರದಿಂದ 112ಕ್ಕೆ ಫೋನ್ ಮಾಡಿ. ಆಮೇಲೆ ಬೆಳಕಲ್ಲಿ ಹೋಗಿ ಸತ್ತ ಮೀನಿನ ಫೋಟೋ, ಜಾಗ, ಹೊತ್ತು ಘಟನೆ ಫಾರಂಲ್ಲಿ ಹಾಕಿ, ಇದನ್ನ ನೋಡೋ ಅನುಮತಿ ಇಬ್ಬರಿಗೆ ಮಾತ್ರ ಇರ್ಲಿ. ಮುಖ ಕಾಣೋ ವಿಡಿಯೋ ಗುಂಪಿಗೆ ಹಾಕ್ಬೇಡಿ, ತಪ್ಪು ಮನುಷ್ಯನ ಮೇಲೆ ಬಿದ್ರೆ ಊರು ಎರಡಾಗುತ್ತೆ.

10. ಉಳಿದ ಸಣ್ಣ ಪುಟ್ಟವು

ಮೀನು ಹಿಡಿದು ಮಾರೋದೇ ಕಸುಬಾಗಿರೋರು 2024ರಲ್ಲಿ ಶುರುವಾದ ನ್ಯಾಷನಲ್ ಫಿಶರೀಸ್ ಡಿಜಿಟಲ್ ಪ್ಲಾಟ್‌ಫಾರ್ಮಲ್ಲಿ ಹೆಸರು ನೋಂದಾಯಿಸ್ಕೊಳ್ಳಿ, ಸಾಮಾನ್ಯ ಸೇವಾ ಕೇಂದ್ರದಲ್ಲಿ ಮಾಡಿ ಕೊಡ್ತಾರೆ, ಯೋಜನೆಗಳಿಗೆ ಅದೇ ದಾರಿ. ತೋಟದ ಕೆರೆಯಲ್ಲಿ ಸಾಕೋರಿಗೆ ಮತ್ಸ್ಯ ಸೇತು ಆ್ಯಪಲ್ಲಿ ಪಾಠಗಳಿವೆ. ತಾಂತ್ರಿಕ ಸಹಾಯಕ್ಕೆ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ, ಪೊನ್ನಂಪೇಟೆಯ ಅರಣ್ಯ ಕಾಲೇಜು ಹತ್ತಿರದಲ್ಲೇ ಇವೆ, ಕೇಳಿ ನೋಡಿ. ಆದ್ರೆ ಡೇಟಾ ಕೇಳ್ಕೊಂಡು ಯಾರು ಬಂದ್ರೂ, ಕಾಲೇಜಾಗ್ಲಿ ಸಂಸ್ಥೆಯಾಗ್ಲಿ, ಸಭೆಯಲ್ಲಿ ಒಪ್ಪಿದ್ಮೇಲೇ ಕೊಡಿ, ಬರೆದ ವರದಿಯ ಕನ್ನಡ ಪ್ರತಿ ಊರಿಗೆ ಕೊಡ್ಬೇಕು ಅಂತ ಮೊದಲೇ ಬರೆಸ್ಕೊಳ್ಳಿ.

ಕೋಬೋ ಪಾಸ್‌ವರ್ಡ್ ಒಬ್ಬನ ತಲೆಯಲ್ಲಿ ಮಾತ್ರ ಇರಬಾರ್ದು. ಕಂಪ್ಯೂಟರ್ ಗೊತ್ತಿರೋ ಹುಡುಗ ಬೆಂಗ್ಳೂರಿಗೆ ಕೆಲಸಕ್ಕೆ ಹೋದ ದಿನ ಎಲ್ಲಾ ನಿಂತ್ಹೋಗುತ್ತೆ, ಹಂಗಾಗಿ ಕನಿಷ್ಠ ಇಬ್ಬರಿಗೆ, ಅದರಲ್ಲಿ ಒಬ್ರು ಊರಲ್ಲೇ ಇರೋ ಹೆಂಗಸಾಗಿದ್ರೆ ಒಳ್ಳೇದು, ಅಡ್ಮಿನ್ ಕೊಡಿ. ಪ್ರತೀ ಪುತ್ತರಿ ಮುಗಿದ ವಾರ ಪೂರ್ತಿ ಡೇಟಾ ಇಳಿಸಿ ಒಂದು ಪೆನ್‌ಡ್ರೈವ್ ಗುಂಪಿನ ಹತ್ರ ಇಟ್ಕೊಳ್ಳಿ, ಮಡುಗಳ ಜಿಪಿಎಸ್ ತೆಗೆದು ಹಾಕಿದ ಇನ್ನೊಂದು ಪ್ರತಿ ಪ್ರಿಂಟ್ ಮಾಡಿ ಪಂಚಾಯಿತಿ ಲೈಬ್ರರಿಗೆ ಕೊಟ್ಟು ಸ್ವೀಕೃತಿ ಸಹಿ ತಗೊಳ್ಳಿ.